ಅತಾವುಲ್ಲಾ ವಕೀಲರ ಪೂರ್ವ ದಿಕ್ಕು

ವಕೀಲ ಅತಾವುಲ್ಲಾ ಆರ್.ಟಿ. ನಗರದ ಹಿಟ್ಟಿನ ಗಿರಣಿಯ ಮೇಲಿನ ಕೋಣೆಗೆ ಕಚೇರಿ ಬದಲಾಯಿಸಿದ್ದು ೧೯೭೮ರಲ್ಲಿ. ಸಿವಿಲ್, ಕ್ರಿಮಿನಲ್, ಬಾಡಿಗೆ ತಕರಾರು, ವಿಚ್ಛೇದನ, ಅಪಘಾತ ಪರಿಹಾರ, ಕ್ರಯಪತ್ರ ಎಂದು ಹೊಸ ಬೋರ್ಡಿನಲ್ಲಿ ಹಿಡಿಸುವಷ್ಟೂ ಬರೆಸಿದ್ದರು. ಓದಿದ ಪತ್ನಿ ಅಕ್ಬರಿ, "ಸೈಕಲ್ ಪಂಕ್ಚರ್ ಒಂದು ಬಿಟ್ಟುಹೋಯ್ತಲ್ರೀ" ಎಂದರು. ಪಂಕ್ಚರ್ ಹಾಕುವವನಿಗೆ ತೂತು ಎಲ್ಲಿದೆಯೆಂದಾದರೂ ತಿಳಿಯುತ್ತದೆ, ತಮಗೆ ಅದೂ ತಿಳಿಯಲಿಲ್ಲ ಎಂದು ಅತಾವುಲ್ಲಾ ಮುಂದೆ ಹೇಳಿಕೊಳ್ಳುತ್ತಿದ್ದರು.

ಹಿಂದಿನ ಕಚೇರಿ ಗಂಗಾನಗರದ ಮನೆಯಲ್ಲೇ ಇತ್ತು. ಅಲ್ಲಿ ಹತ್ತು ವರ್ಷ ಅವರು ಕಿಬ್ಲಾದ ಕಡೆಗೆ, ಎಂದರೆ ಪಶ್ಚಿಮಕ್ಕೆ, ಮುಖಮಾಡಿ ಕುಳಿತಿದ್ದರು. ಮೇಜಿನಾಚೆ ಇರುವುದೆಲ್ಲ ಪಶ್ಚಿಮ ಎಂಬುದು ಮೈಗೆ ಹತ್ತಿಹೋಗಿತ್ತು. ಹೊಸ ಕೋಣೆಯಲ್ಲಿ ಮೇಜು ಪೂರ್ವಕ್ಕೆ ತಿರುಗಿತು. ವಕೀಲರ ತಲೆ ತಿರುಗಲಿಲ್ಲ.

ಆ ವರ್ಷವೇ ಅಮೃತಹಳ್ಳಿಯಲ್ಲಿ ಎಮ್ಮೆ ಸಾಕಿ ಹಾಲು ಮಾರುತ್ತಿದ್ದ ಸೊಣ್ಣಮ್ಮ, ತಾವು ಕೊಳ್ಳುತ್ತಿದ್ದ ನಿವೇಶನದ ಕ್ರಯಪತ್ರ ಬರೆಸಲು ಬಂದರು. ರಸ್ತೆಗೆ ಹೋಗುವ ಓಣಿ ಯಾವ ಕಡೆ ಎಂದು ಕೇಳಿದರೆ, ಎದುರು ಕುಳಿತಿದ್ದ ಆಕೆ ತಮ್ಮ ಬೆನ್ನ ಹಿಂದಕ್ಕೆ ಕೈಮಾಡಿ, "ಇಂಗೆ, ಈ ಕಡೀಕೆ ಸಾಮಿ" ಎಂದರು. ಆಕೆ ತೋರಿಸಿದ್ದು ಪೂರ್ವವನ್ನೇ. ಅತಾವುಲ್ಲಾ ಪಶ್ಚಿಮ ಎಂದು ಬರೆದರು. ಸ್ಥಳಕ್ಕೆ ಹೋಗಿ ನೋಡಲಿಲ್ಲ. ಅಮೃತಹಳ್ಳಿಗೆ ಬಸ್ಸುಗಳು ಕಡಿಮೆ ಎಂಬುದು ಅವರ ಸಮಜಾಯಿಷಿ.

ಐದು ವರ್ಷದ ಬಳಿಕ, ಜಾಗ ಮಾರಿದ ಯಜಮಾನರು ತೀರಿಕೊಂಡರು. ಅವರ ಮಗ ಚಿಕ್ಕಬೈರಪ್ಪ ಪತ್ರ ಓದಿಸಿ, ಪೂರ್ವದ ಓಣಿ ತಮ್ಮದೆಂದು ಅಡ್ಡಲಾಗಿ ಕಲ್ಲುಕಂಬ ನೆಡಿಸಿದರು. ಪಶ್ಚಿಮದಲ್ಲಿದ್ದದ್ದು ಬೇರೆಯವರ ಮನೆಯ ಗೋಡೆ. ಎಮ್ಮೆಗಳಿಗೆ ಹೊರದಾರಿಯೇ ಇಲ್ಲವಾಯಿತು. ತಿದ್ದುಪಡಿ ಪತ್ರಕ್ಕೆ ರುಜು ಹಾಕಲು ಚಿಕ್ಕಬೈರಪ್ಪ ಒಪ್ಪಲಿಲ್ಲ.

"ನಿಮ್ ಅಕ್ಸರ ನಂಬ್ದೆ ಸಾಮಿ," ಎಂದರು ಸೊಣ್ಣಮ್ಮ. "ಈಗ ಎಮ್ಮೇನ ಎಗಲ್ ಮ್ಯಾಲೆ ಒತ್ಕೊಂಡು ಗ್ವಾಡೆ ಆರ್ಲಾ?"

"ತಪ್ಪು ನಂದೇ ಕಣಮ್ಮ. ಕಟಕಟೇಲಿ ನಿಂತು ಹೇಳ್ತೀನಿ."

ಸಾಕ್ಷಿ ನುಡಿಯುವವರೇ ವಾದಿಸುವಂತಿಲ್ಲ. ದಾವೆಯನ್ನು ಗೆಳೆಯ ಶ್ರೀರಾಮಪ್ಪ ವಕೀಲರಿಗೆ ಒಪ್ಪಿಸಿ, ಊರವರನ್ನೆಲ್ಲ ಹತ್ತಿಸಿದ್ದ ಕಟಕಟೆಯನ್ನು ಅತಾವುಲ್ಲಾ ತಾವೇ ಹತ್ತಿದರು. ಮೇಜಿನ ವೃತ್ತಾಂತವನ್ನು ಬಿಡದೆ ಹೇಳಿದರು.

ಚಿಕ್ಕಬೈರಪ್ಪನವರ ವಕೀಲರು ನಕ್ಕುಬಿಟ್ಟರು. "ಕಕ್ಷಿದಾರರನ್ನ ಉಳಿಸೋಕೆ ಕಟ್ಟಿದ ಕಥೆ! ದಿಕ್ಕು ಗೊತ್ತಿಲ್ದಿರೋ ವಕೀಲರು ಇರ್ತಾರೇನ್ರೀ? ಎಲ್ಲಿ, ಈಗ ಪೂರ್ವ ತೋರ್ಸಿ ನೋಡೋಣ!"

ಎದುರಿಗೆ ನ್ಯಾಯಾಧೀಶರ ಮೇಜು. ಅಂದಮೇಲೆ ಅದು ಪಶ್ಚಿಮ. ಅತಾವುಲ್ಲಾ ಪೂರ್ಣ ವಿಶ್ವಾಸದಿಂದ ತಮ್ಮ ಬೆನ್ನ ಹಿಂದಿನ ಬಾಗಿಲಿನತ್ತ ಬೆರಳು ಮಾಡಿದರು. ಬೆಳಗಿನ ಬಿಸಿಲೋ, ನ್ಯಾಯಾಧೀಶರ ಹಿಂದಿನ ಗವಾಕ್ಷಿಯಿಂದ ನೇರವಾಗಿ ಅವರ ಕನ್ನಡಕದ ಮೇಲೇ ಬೀಳುತ್ತಿತ್ತು.

"ಅಯ್ಯೋ, ಮತ್ತೆ ಓಯ್ತು!" ಎಂದು ಸೊಣ್ಣಮ್ಮ ಹಣೆ ಚಚ್ಚಿಕೊಂಡರು.

ಓಣಿ ಹೋಗಲಿಲ್ಲ, ಉಳಿಯಿತು. ಸಾಕ್ಷಿಯ ದಿಗ್ಭ್ರಮೆ ನಟನೆಯಲ್ಲವೆಂದು ಮನಗಂಡ ನ್ಯಾಯಾಧೀಶರು, ಪತ್ರವನ್ನು ತಿದ್ದಲು, ಕಂಬಗಳನ್ನು ಕೀಳಿಸಲು ತೀರ್ಪಿತ್ತರು.

"ಬೇಕೂಂತ್ಲೇ ತಪ್ಪು ತೋರ್ಸಿದ್ರಿ ಅಲ್ವಾ ಗುರು? ಏನ್ ತಲೆ!" ಎಂದರು ಶ್ರೀರಾಮಪ್ಪ.

ಅತಾವುಲ್ಲಾ "ಹೂಂ" ಎಂದರು. ಆ ಮೊಕದ್ದಮೆಯಲ್ಲಿ ಅವರು ಆಡಿದ ಸುಳ್ಳು ಅದೊಂದೇ.

ಕಂಬ ಕಿತ್ತ ದಿನ ಅವರು ಮೊದಲ ಬಾರಿಗೆ ಅಮೃತಹಳ್ಳಿಗೆ ಹೋದರು. ಎಮ್ಮೆಗಳು ಓಣಿಗುಂಟ ರಸ್ತೆಗಿಳಿದವು. ಸೊಣ್ಣಮ್ಮ ವಕೀಲರ ತೋಳು ಹಿಡಿದು ಅತ್ತ ತಿರುಗಿಸಿ ನಿಲ್ಲಿಸಿದರು: "ಎಮ್ಮೆ ಓಗ್ತಾವಲ್ಲ ಸಾಮಿ, ಅದು ಪೂರ್ವ."