ಗೂಡ್ಸ್ ಗಾಡಿಗೊಂದು ಮ್ಯಾಚಿಂಗ್

ಗೂಡ್ಸ್ ರೈಲಿಗೆ ಯಾವ ಬಣ್ಣದ ಬ್ಲೌಸ್ ಪೀಸ್ ಮ್ಯಾಚ್ ಆಗುತ್ತದೆ?

ನಗಬೇಡಿ. ದೀಪಾವಳಿ ಮುಗಿದ ಎರಡನೇ ವಾರ ಹಗರಿಬೊಮ್ಮನಹಳ್ಳಿ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಮುಂದೆ ಬಿಸಿಲಿನಲ್ಲಿ ನಿಂತು, ವ್ಯಾಗನ್ನಿನ ಮೈಗೆ ಒಂದೊಂದೇ ಬ್ಲೌಸ್ ಪೀಸ್ ಹಿಡಿದು, "ಇದು ಡಾರ್ಕ್ ಆತು, ಇನ್ನೊಂದು ಶೇಡ್ ಕೊಡ್ರಿ" ಎಂದವಳು ನಾನೇ. ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ, ತಲೆ ನೆಟ್ಟಗಿರುವ, ಇಬ್ಬರು ಮಕ್ಕಳ ತಾಯಿ. ನನ್ನನ್ನು ಈ ಗತಿಗೆ ತಂದವರು ಇಬ್ಬರು ಗಂಡಸರು. ಒಬ್ಬರು ನಮ್ಮನೆಯವರು. ಇನ್ನೊಬ್ಬರು ಐರ್ಲೆಂಡಿನವರು.

ನಮ್ಮನೆಯವರು ಸರ್ಕಾರಿ ಸರ್ವೇಯರ್. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಕಡೆ ಹೊಲ ಅಳೆದು ಬಂದವರು. ಕಣ್ಣಾರೆ ಕಾಣದ್ದನ್ನು ಬರೆಯುವುದಿಲ್ಲ, ಕಂಡದ್ದನ್ನು ಬಿಡುವುದಿಲ್ಲ, ಇದು ಅವರ ಸ್ವಭಾವ. ನನ್ನ ತಂಗಿಯ ಮದುವೆ ಕಾರ್ಡಿನಲ್ಲಿ 'ತಾವು ಬಂದೇ ಬರುತ್ತೀರೆಂದು ನಂಬಿದ್ದೇವೆ' ಎಂದು ಬರೆಸಿದ್ದಕ್ಕೆ, "ಎಲ್ಲಾರೂ ಬರ್ತಾರ ಅಂತ ಈಗ ಹೆಂಗ ಹೇಳ್ತೀ?" ಎಂದು ಕೇಳಿದ ಪುಣ್ಯಾತ್ಮರು. ಇಂಥವರ ಜೊತೆ ಹದಿನಾರು ವರ್ಷ ಸಂಸಾರ ಮಾಡಿದ್ದೇನೆ. (ಇದನ್ನೂ ಅವರು ಓದಿ, ಹದಿನಾರಲ್ಲ, ಹದಿನೈದು ವರ್ಷ ಏಳು ತಿಂಗಳು ಎನ್ನುತ್ತಾರೆ.)

ಇವರಿಗೆ ಚಿಕ್ಕಂದಿನಿಂದ ಅಂಚೆಚೀಟಿ ಕೂಡಿಸುವ ಹುಚ್ಚು. ಆ ಹುಚ್ಚಿನಿಂದ ಸಿಕ್ಕ ಗೆಳೆಯರೇ ಡೆಸ್ಮಂಡ್. ಐರ್ಲೆಂಡಿನ ಯಾವುದೋ ಸಣ್ಣ ಊರಿನವರು, ಗೂಡ್ಸ್ ಗಾಡಿಯಲ್ಲಿ ಗಾರ್ಡ್ ಆಗಿದ್ದು ರಿಟೈರ್ ಆದವರು. ಇಬ್ಬರೂ ಮುಖ ನೋಡಿಲ್ಲ, ಆದರೆ ಹತ್ತು ವರ್ಷದಿಂದ ಕಾಗದ ನಿಂತಿಲ್ಲ.

ಡೆಸ್ಮಂಡರ ಊರಿನಲ್ಲಿ ಏಳೆಂಟು ಮುದುಕರ ಒಂದು ಕ್ಲಬ್ ಇದೆ. ವಾರಕ್ಕೊಮ್ಮೆ ಸೇರುತ್ತಾರೆ. ಇಸ್ಪೀಟ್ ಆಡುವುದಕ್ಕಲ್ಲ, ಆಟಿಕೆ ರೈಲು ಓಡಿಸುವುದಕ್ಕೆ. (ಆಟಿಕೆ ಎಂದರೆ ಅವರಿಗೆ ಸಿಟ್ಟು ಬರುತ್ತದಂತೆ. ಮಾಡೆಲ್ ಎನ್ನಬೇಕು.) ರೈಲಿನ ಹುಚ್ಚು ಎಂದರೆ ಎಕ್ಸ್‌ಪ್ರೆಸ್ಸು, ಎಂಜಿನ್ನು, ಸಿಳ್ಳೆ ಎಂದುಕೊಂಡಿದ್ದೆ. ಇವರದು ಗೂಡ್ಸ್ ಹುಚ್ಚು. ಗೊಬ್ಬರ ಹೊರುವ ಡಬ್ಬಿ, ಸಿಮೆಂಟ್ ಹೊರುವ ಡಬ್ಬಿ, ಸಕ್ಕರೆ ಮಾಡುವ ಗೆಡ್ಡೆ ಹೊರುವ ಡಬ್ಬಿ, ಎಲ್ಲವನ್ನೂ ಗೇಣುದ್ದ ಮಾಡಿ, ಅದಕ್ಕೆ ತುಕ್ಕು ಹಿಡಿದ ಹಾಗೆ ಬಣ್ಣ ಬಳಿದು, ಟೇಬಲ್ಲಿನ ಮೇಲೆ ಶಂಟಿಂಗ್ ಮಾಡುತ್ತಾರೆ. ನಮ್ಮೂರಿಗೆ ಪ್ಯಾಸೆಂಜರ್ ರೈಲು ನಿಂತು ಎಷ್ಟೋ ವರ್ಷವಾಯಿತು, ಬರುವುದು ಅಪರೂಪಕ್ಕೊಂದು ಗೂಡ್ಸ್ ಮಾತ್ರ ಎಂದು ಇವರು ದುಃಖದಿಂದ ಬರೆದರೆ, ಡೆಸ್ಮಂಡ್ ಉತ್ತರದಲ್ಲಿ 'ಎಂಥ ಪುಣ್ಯವಂತರು ನೀವು' ಎಂದಿದ್ದರು.

ಆ ಕ್ಲಬ್ಬಿನಲ್ಲಿ ಬ್ರೆಂಡನ್ ಎಂಬುವರು ಇನ್ನೊಬ್ಬರು. ಇವರು ಸ್ವತಃ ಏನೂ ಮಾಡುವುದಿಲ್ಲ, ಬರೀ ಕೊಳ್ಳುತ್ತಾರೆ. ಕೊಂಡ ಡಬ್ಬಿಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುವುದೂ ಇಲ್ಲ. ತೆಗೆದರೆ ಬೆಲೆ ಹೋಗುತ್ತದಂತೆ. ಗೋಡೆ ತುಂಬ ಕಪಾಟು, ಕಪಾಟಿನ ತುಂಬ ತೆರೆಯದ ಪೆಟ್ಟಿಗೆ. ಇದನ್ನು ಓದಿ ನಾನು ಬಿದ್ದು ಬಿದ್ದು ನಕ್ಕೆ. "ನಿನ್ನ ಬೀರುದಾಗ ಮಡಿಕಿ ಬಿಚ್ಚಲಾರದ ಸೀರಿ ಎಷ್ಟದಾವು?" ಎಂದು ನಮ್ಮನೆಯವರು ಕೇಳಿದರು. ನಗು ನಿಲ್ಲಿಸಿದೆ.

ಡೆಸ್ಮಂಡರಿಗೆ ಒಂದೇ ಆಸೆ. ಬ್ರೆಂಡನ್ ಕಪಾಟಿನಲ್ಲಿ ಇಲ್ಲದ ಒಂದು ಡಬ್ಬಿ ಮಾಡಬೇಕು, ಕ್ಲಬ್ಬಿನ ವರ್ಷದ ಪ್ರದರ್ಶನದಲ್ಲಿ ಇಡಬೇಕು. ಅದಕ್ಕೆ ಆರಿಸಿಕೊಂಡಿದ್ದು ನಮ್ಮೂರಿನ ಮೆಕ್ಕೆಜೋಳ ಹೊರುವ ವ್ಯಾಗನ್. ನಮ್ಮನೆಯವರು ಟೇಪು ಹಿಡಿದು ಹೋಗಿ, ಗೂಡ್ಸ್ ಕ್ಲರ್ಕನ್ನು ಕೇಳಿಕೊಂಡು, ಉದ್ದ, ಅಗಲ, ಬಾಗಿಲಿನ ಎತ್ತರ, ಒಂದು ಪಕ್ಕದ ರಿವಿಟ್ಟುಗಳು ಎಷ್ಟು ಎಂಬುದನ್ನೂ ಎಣಿಸಿ ಕಳಿಸಿದರು. ಎಲ್ಲ ಸರಿಹೋಯಿತು. ಬಣ್ಣದಲ್ಲಿ ಸಿಕ್ಕಿಕೊಂಡರು.

ಇವರು 'ಕೆಂಪು' ಎಂದು ಬರೆದರು. ಯಾವ ಕೆಂಪು ಎಂದು ಪ್ರಶ್ನೆ ಬಂತು. ಇವರು ಮೂರು ಫೋಟೋ ಕಳಿಸಿದರು. ನಮ್ಮ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದ ಆ ಮೂರರಲ್ಲಿ ಒಂದೇ ವ್ಯಾಗನ್ ಒಮ್ಮೆ ಕಾಫಿಪುಡಿ, ಒಮ್ಮೆ ಬದನೆಕಾಯಿ, ಒಮ್ಮೆ ಕಿತ್ತಳೆ. ಹೋಗಿ ಕೇಳಿದರೆ, "ಡಲ್ ಇತ್ರಿ ಸರ್, ನಾನೇ ಒಂಚೂರು ಬ್ರೈಟ್ ಮಾಡೀನಿ" ಎಂದ ಸ್ಟುಡಿಯೋದವನು. ಅತ್ತ ಬ್ರೆಂಡನ್, ಬಣ್ಣ ಗೊತ್ತಿಲ್ಲದ ಡಬ್ಬಿ ಮಾಡೆಲ್ ಅಲ್ಲ, ಮಕ್ಕಳ ಆಟಿಕೆ ಎಂದುಬಿಟ್ಟರಂತೆ. ಎಲ್ಲರ ಎದುರಿಗೆ. ಡೆಸ್ಮಂಡ್ ಕಾಗದದಲ್ಲಿ ಅದನ್ನು ಎರಡು ಸಲ ಬರೆದಿದ್ದರು. ನಮ್ಮನೆಯವರು ಆ ದಿನ ಊಟ ಸರಿಯಾಗಿ ಮಾಡಲಿಲ್ಲ.

"ಇಷ್ಟಕ್ಕ ಯಾಕ ಕುಂತೀರಿ? ಮ್ಯಾಚಿಂಗ್ ಸೆಂಟರಿಗೆ ಹೋಗೋಣ ನಡೀರಿ" ಎಂದೆ.

ನಮ್ಮೂರ ಬಜಾರಿನ ಕೊಟ್ರೇಶಪ್ಪನವರ ಮ್ಯಾಚಿಂಗ್ ಸೆಂಟರ್ ಗೊತ್ತಿಲ್ಲದ ಹೆಂಗಸರಿಲ್ಲ. ಎಂಥ ಹಾಳು ಬಣ್ಣದ ಸೀರೆ ಒಯ್ದರೂ ಅದಕ್ಕೆ ಸರಿಯಾದ ಬ್ಲೌಸ್ ಪೀಸ್ ತೆಗೆಯುತ್ತಾರೆ. ವಿಷಯ ಹೇಳಿದೆ. ಅವರು ನಗಲಿಲ್ಲ. ಡಾಕ್ಟರ ಹಾಗೆ ಯೋಚಿಸಿದರು.

"ಅಕ್ಕಾರ, ಟ್ಯೂಬ್‌ಲೈಟಿನ್ಯಾಗ ನೋಡಿದ್ದು ಬಣ್ಣಾನ ಅಲ್ಲ. ಬಿಸಿಲಿಗೆ ಹಿಡೀಬೇಕು. ಸೀರಿ ಆದ್ರ ಅಂಗಡಿಗೆ ತರ್ತಿದ್ರಿ. ಗಾಡಿ ಬರಾಂಗಿಲ್ಲಲ್ಲ, ನಾನ ಬರ್ತೀನಿ."

ಮೆಕ್ಕೆಜೋಳ ತುಂಬಲು ಗಾಡಿ ಬಂದ ದಿನ ಕೊಟ್ರೇಶಪ್ಪ ಮೊಪೆಡ್ಡಿನ ಹಿಂದೆ ಗಂಟು ಕಟ್ಟಿಕೊಂಡು ಬಂದೇ ಬಿಟ್ಟರು. ಹಮಾಲರು ಚೀಲ ಹೊರುತ್ತಿದ್ದರು. ಹೆಂಗಸರು ಕೆಳಗೆ ಚೆಲ್ಲಿದ ಕಾಳು ಬಳಿಯುತ್ತಿದ್ದರು. ಇಂತಿಷ್ಟು ಗಂಟೆಯೊಳಗೆ ಗಾಡಿ ತುಂಬದಿದ್ದರೆ ದಂಡ ಬೀಳುತ್ತದೆ ಎಂದು ಗೂಡ್ಸ್ ಕ್ಲರ್ಕು ಗಡಿಯಾರ ನೋಡುತ್ತ ಓಡಾಡುತ್ತಿದ್ದರು. ನಾನು ವ್ಯಾಗನ್ನಿಗೆ ಬ್ಲೌಸ್ ಪೀಸ್ ಹಿಡಿಯುವುದು, ಕೊಟ್ರೇಶಪ್ಪ ನಾಲ್ಕು ಹೆಜ್ಜೆ ಹಿಂದೆ ಹೋಗಿ ಒಂದು ಕಣ್ಣು ಮುಚ್ಚಿ ನೋಡುವುದು, ತಲೆ ಅಲ್ಲಾಡಿಸುವುದು. ಇಟ್ಟಿಗೆ ಬಣ್ಣ ಆಯಿತು, ದಾಳಿಂಬೆ ಆಯಿತು, ಮೆರೂನ್ ಆಯಿತು. ಒಂಬತ್ತನೆಯದಕ್ಕೆ ಅವರ ಮುಖ ಅರಳಿತು.

"ಹಾಂ, ಇದ. ಹುರಿದ ಶೇಂಗಾದ ಸಿಪ್ಪಿ. ಹೊಸದಿದ್ದಾಗ ಇಟ್ಟಂಗಿ ಬಣ್ಣ ಇತ್ತು, ಬಿಸಿಲಿಗೆ ಕಂದೈತಿ ನೋಡ್ರಿ."

ನಿಜವಾಗಿಯೂ, ವ್ಯಾಗನ್ನಿಗೆ ಹಿಡಿದರೆ ಬಟ್ಟೆ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ಕೆಲಸ ಮುಗಿಯಿತು ಎಂದುಕೊಂಡೆ. ಆಗ ಹಿಂದಿನಿಂದ ದನಿ ಬಂತು.

"ಅಕ್ಕಾರ, ಬರೇ ಕಣ ಹಿಡಿದ್ರ ಆತೇನ್ರಿ? ಅರಿಷಿಣ ಕುಂಕುಮ ತಂದಿಲ್ಲೇನು?"

ಕಾಳು ಬಳಿಯುತ್ತಿದ್ದ ಹುಲಿಗೆಮ್ಮ. ಅವಳ ಹಿಂದೆ ಆರೇಳು ಹೆಂಗಸರು, ಪೊರಕೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ನಿಂತಿದ್ದರು. ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನಮ್ಮ ಕಡೆ ಬ್ಲೌಸ್ ಪೀಸಿಗೆ ಕಣ ಎನ್ನುತ್ತಾರೆ. ತವರಿಗೆ ಬಂದ ಮಗಳು ಹೊರಟಾಗ ಅವಳ ಸೆರಗಿನಲ್ಲಿ ಕಣ, ಅಕ್ಕಿ, ಕಾಯಿ ಹಾಕಿ ಉಡಿ ತುಂಬಿ ಕಳಿಸುತ್ತಾರೆ. ತಲೆಸ್ನಾನ ಮಾಡಿ ಬಂದ ಹೆಣ್ಣುಮಗಳೊಬ್ಬಳು ಹೊರಡಲಿರುವ ಗಾಡಿಗೆ ಒಂದಾದ ಮೇಲೊಂದು ಕಣ ಮುಟ್ಟಿಸುತ್ತಿದ್ದರೆ ನೋಡಿದವರು ಏನು ತಿಳಿಯಬೇಕು?

"ಛಲೋ ಮಾಡಿದ್ರಿ. ಇಷ್ಟು ದಿನ ಎಲ್ಲಾರೂ ಪ್ಯಾಸೆಂಜರ್ ಬಿಡ್ರಿ ಅಂತ ಅರ್ಜಿ ಕೊಟ್ರು, ಕೈ ಮುಗುದ್ರು. ಗಾಡಿಗೇ ಉಡಿ ತುಂಬಬೇಕು ಅಂತ ಯಾರಿಗೂ ಹೊಳೀಲಿಲ್ಲ ನೋಡ್ರಿ" ಎಂದಳು ಹುಲಿಗೆಮ್ಮ. "ನನ್ನ ಮಗಳನ್ನ ಹೊಸಪೇಟಿಗೆ ಕೊಟ್ಟೀನಿ. ಪ್ಯಾಸೆಂಜರ್ ಇದ್ದಾಗ ತಿಂಗಳಿಗೊಮ್ಮೆ ಬರ್ತಿದ್ಲು. ಈಗ ಕೂಸು ಕಟಗೊಂಡು ಬಸ್ಸಿನ್ಯಾಗ ನಿಂತು ಬರಾಕ ಆಗವಲ್ದು ಅಂತಾಳ. ಈ ಗೂಡ್ಸು ಹೋಗಿ ಪ್ಯಾಸೆಂಜರನ್ನ ಕರಕೊಂಡು ಬರ್ಲಿ."

ಈಗ ನಾನೇನು ಹೇಳಲಿ? ಇಲ್ಲಮ್ಮಾ, ಐರ್ಲೆಂಡಿನಲ್ಲಿ ಒಬ್ಬ ಮುದುಕರಿದ್ದಾರೆ, ಅವರು ಗೇಣುದ್ದದ ಗೂಡ್ಸ್ ಮಾಡುತ್ತಿದ್ದಾರೆ, ಅದಕ್ಕೆ ಮ್ಯಾಚಿಂಗ್ ನೋಡುತ್ತಿದ್ದೇನೆ ಎಂದು ಹೇಳಲೇ? ಎರಡರಲ್ಲಿ ಯಾವುದು ಹುಚ್ಚು? ನಾನೂ ಸೆರಗು ಸರಿಮಾಡಿಕೊಂಡೆ.

ಬೇವಿನ ಗಿಡದ ಕೆಳಗಿನ ಅಮ್ಮನ ಕಲ್ಲಿನಿಂದ ಅರಿಷಿಣ ಕುಂಕುಮ ಬಂತು. ಹುಲಿಗೆಮ್ಮ ವ್ಯಾಗನ್ನಿನ ಬಾಗಿಲ ಪಕ್ಕ ಅರಿಷಿಣ ಬಳಿದು ಮೂರು ಬೊಟ್ಟು ಕುಂಕುಮ ಇಟ್ಟಳು. ಅಕ್ಕಿ ಇರಲಿಲ್ಲ, ಒಂದು ಹಿಡಿ ಮೆಕ್ಕೆಜೋಳವನ್ನೇ ಕಣದಲ್ಲಿ ಹಾಕಿ ಬಾಗಿಲ ಚಿಲಕಕ್ಕೆ ಕಟ್ಟಲು ಹೋದಳು. ಯಾವ ಕಣ? ಅದೇ, ಹುರಿದ ಶೇಂಗಾದ ಸಿಪ್ಪಿ. ಅಂಗಡಿಯಲ್ಲಿ ಆ ಶೇಡಿನದು ಅದೊಂದೇ ಪೀಸ್. ಕೊಟ್ರೇಶಪ್ಪ ಓಡಿ ಬಂದು, "ಏ ಯವ್ವಾ, ಅರ್ಧ ಸಾಕು" ಎಂದು ಹಲ್ಲಿನಿಂದ ಕಚ್ಚಿ ಪರ್ರೆಂದು ಎರಡು ಭಾಗ ಮಾಡಿದರು. ಅರ್ಧ ಗಾಡಿಗೆ, ಅರ್ಧ ಐರ್ಲೆಂಡಿಗೆ.

"ಏನ್ರಿ ಮೇಡಂ, ಲೋಡಿಂಗ್ ಟೈಮ್ ಮುಗಿಯಾಕ ಬಂತು, ಇದೇನು ಹಚ್ಚೀರಿ?" ಎಂದು ಗೂಡ್ಸ್ ಕ್ಲರ್ಕು ರೇಗಿದರು. ಆಮೇಲೆ ಅತ್ತ ಇತ್ತ ನೋಡಿ, ಚಪ್ಪಲಿ ಬಿಟ್ಟು, ತಾವೂ ಕೈ ಮುಗಿದರು. ನಮ್ಮನೆಯವರು ಮೂರು ಫೋಟೋ ತೆಗೆದರು.

ಅರ್ಧ ಬ್ಲೌಸ್ ಪೀಸ್, ಹೊಸ ಫೋಟೋ ಎರಡೂ ಹೋದವು. ಕಾಗದದಲ್ಲಿ ಇವರು ಬಟ್ಟೆಯ ಬಣ್ಣದ ಬಗ್ಗೆ ಒಂದು ಪುಟ ಬರೆದಿದ್ದರು. ಕುಂಕುಮದ ಬಗ್ಗೆ ಒಂದಕ್ಷರ ಇರಲಿಲ್ಲ. ಕಂಡದ್ದನ್ನು ಬಿಡದ ಸರ್ವೇಯರ್ ಇದನ್ನು ಹೇಗೆ ಬಿಟ್ಟರು? ನನಗೆ ಅನಿಸುವುದು ಇಷ್ಟು: ಅದು ಅವರಿಗೆ ಕಾಣಲೇ ಇಲ್ಲ. ನಮ್ಮ ಟ್ರ್ಯಾಕ್ಟರಿಗೆ, ಗಿರಣಿಗೆ, ತಕ್ಕಡಿಗೆ, ಕಾಲೇಜಿನ ಕಂಪ್ಯೂಟರಿಗೆ, ಎಲ್ಲದಕ್ಕೂ ಕುಂಕುಮ ಇದ್ದೇ ಇದೆ. ದಿನಾ ಕಂಡದ್ದು ಕಣ್ಣಿಗೆ ಬೀಳುವುದಿಲ್ಲ.

ಡೆಸ್ಮಂಡರಿಗೆ ಬಿತ್ತು.

ಸಂಕ್ರಾಂತಿ ಆದ ಮೇಲೆ ಅವರ ಕಾಗದ ಬಂತು, ಜೊತೆಗೆ ಫೋಟೋ. ಗೇಣುದ್ದದ ವ್ಯಾಗನ್, ಅಚ್ಚು ಅದೇ ಬಣ್ಣ. ಬಾಗಿಲ ಪಕ್ಕ ಸಾಸಿವೆ ಗಾತ್ರದ ಅರಿಷಿಣ, ಅದರ ಮೇಲೆ ಸೂಜಿಯ ಮೊನೆಯಿಂದ ಇಟ್ಟ ಮೂರು ಕುಂಕುಮದ ಬೊಟ್ಟು. ಚಿಲಕಕ್ಕೆ ನಮ್ಮ ಬ್ಲೌಸ್ ಪೀಸಿನದೇ ಒಂದು ಎಳೆ. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಮುಂದೆ ಓದಿದೆ. ಹಳದಿ ಗುರುತು ಏನು ಎಂದು ಬ್ರೆಂಡನ್ ಕೇಳಿದರಂತೆ. ಮೂವತ್ತು ವರ್ಷ ಗಾರ್ಡ್ ಆಗಿದ್ದ ಡೆಸ್ಮಂಡ್ ಯೋಚನೆ ಮಾಡದೆ ಉತ್ತರ ಕೊಟ್ಟರಂತೆ: ಹಳದಿ ಎಂದರೆ ಒಳಗೆ ಸ್ವಚ್ಛಮಾಡಿದೆ, ಮೂರು ಚುಕ್ಕೆ ಎಂದರೆ ಮೂರು ತಪಾಸಣೆ ಆಗಿದೆ, ಬಟ್ಟೆ ಎಂದರೆ ಸೀಲ್. ಬ್ರೆಂಡನ್ ನಂಬಲಿಲ್ಲ. ಮುಂದಿನ ಮೀಟಿಂಗಿನೊಳಗೆ ಲಿಖಿತ ಆಧಾರ ತೋರಿಸದಿದ್ದರೆ ಪ್ರದರ್ಶನದಿಂದ ತೆಗೆಯಬೇಕೆಂದರು. 'ದಯವಿಟ್ಟು ಖಚಿತಪಡಿಸಿ' ಎಂದು ಡೆಸ್ಮಂಡ್ ಕೆಳಗೆ ಗೆರೆ ಎಳೆದು ಬರೆದಿದ್ದರು.

"ಹೌದು ಅಂತ ಬರದುಬಿಡ್ರಿ. ಯಾರು ಬಂದು ನೋಡ್ತಾರ?" ಎಂದೆ.

"ಇಲ್ಲದ್ದನ್ನ ಹೆಂಗ ಬರೀಲಿ?"

"ನಿಜ ಬರದ್ರ ಆ ಹಿರಿಯರ ಮಾನ ಹೋಗ್ತೈತ್ರಿ. ಇದು ಹೊಲದ ಸರ್ವೆ ಅಲ್ಲ."

"ಹೊಲಕ್ಕಾದ್ರ ಇನ್ನೊಮ್ಮೆ ಅಳದು ತಿದ್ದಬಹುದು. ಅಂವ ನನ್ನ ನಂಬ್ಯಾನ."

ಮೂರನೆಯ ದಿನ ನಾಲ್ಕು ಪುಟ ನಿಜ ಬರೆದು ನನ್ನ ಮುಂದಿಟ್ಟರು. ಇಂಗ್ಲಿಷ್ ತಿದ್ದುವುದು ನನ್ನ ಪಾಲು. ಉಡಿ ತುಂಬುವುದನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ, ಆಮೇಲೆ ನನ್ನ ಸಂಬಳದ ಬಗ್ಗೆ ಮಾತಾಡಿ. ಹುಲಿಗೆಮ್ಮನ ಮಾತನ್ನೂ, ಅವಳ ಮಗಳನ್ನೂ, ಅಕ್ಕಿಯ ಬದಲು ಹಾಕಿದ ಮೆಕ್ಕೆಜೋಳವನ್ನೂ ಬಿಡದೆ ಸೇರಿಸಿದೆವು. ಪೋಸ್ಟ್ ಮಾಡಿ ಬಂದು ನಮ್ಮನೆಯವರು, "ಹತ್ತು ವರ್ಷದ ಗೆಳೆತನ ನಾನ ಹಾಳು ಮಾಡಿದೆ" ಎಂದು ಗೋಡೆ ಕಡೆ ಮುಖ ಮಾಡಿ ಮಲಗಿದರು. ಐದು ವಾರ ಉತ್ತರವಿಲ್ಲ. ಪೋಸ್ಟ್‌ಮನ್ ನಮ್ಮ ಮನೆ ದಾಟಿ ಹೋದ ದಿನವೆಲ್ಲ ಇವರು ಚಹಾ ಅರ್ಧಕ್ಕೇ ಬಿಡುತ್ತಿದ್ದರು.

ಮೊನ್ನೆ ಸೋಮವಾರ ಬಂತು.

ಡೆಸ್ಮಂಡ್ ಆ ನಾಲ್ಕು ಪುಟವನ್ನೂ ಕ್ಲಬ್ಬಿನಲ್ಲಿ ಎದ್ದು ನಿಂತು ಓದಿದರಂತೆ, ತಾವು ಹೇಳಿದ್ದು ತಪ್ಪು ಎಂಬುದನ್ನೂ ಸೇರಿಸಿ. ಆಮೇಲೆ ಎರಡು ಗಂಟೆ ಜಗಳ. ಬೊಟ್ಟು ರೈಲಿನದಲ್ಲ, ಅಳಿಸಿ ಎಂದು ಕೆಲವರು. ಕೊನೆಗೆ ಎದ್ದವರು ಬ್ರೆಂಡನ್. ತಮ್ಮೂರಿನಿಂದ ಸಕ್ಕರೆ ಗೆಡ್ಡೆ ಹೊತ್ತ ಕೊನೆಯ ಗೂಡ್ಸ್ ಹೊರಟ ದಿನ ತಾವೂ ಸ್ಟೇಷನ್ನಿಗೆ ಹೋಗಿದ್ದರಂತೆ. ಜೇಬಿನಲ್ಲಿ ಕೈ ಇಟ್ಟುಕೊಂಡು, ಅದು ಕಣ್ಣಿಗೆ ಮರೆಯಾಗುವ ತನಕ ಸುಮ್ಮನೆ ನಿಂತು ಬಂದರಂತೆ. ಮತ್ತೆ ಬಾ ಎನ್ನಲು ನಮ್ಮಲ್ಲೂ ಇಂಥದೊಂದು ಪದ್ಧತಿ ಇದ್ದಿದ್ದರೆ ಮಾಡುತ್ತಿದ್ದೆವು ಎಂದರಂತೆ. ವ್ಯಾಗನ್ ಉಡಿ ತುಂಬಿದ ದಿನ ಹೇಗಿತ್ತೋ ಹಾಗೇ ಇರಲಿ ಎಂದು ತೀರ್ಮಾನವಾಯಿತು. ಕಾಗದದ ಕೊನೆಯಲ್ಲಿ ಬ್ರೆಂಡನ್ ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದ್ದರು.

'ಆ ಹೆಂಗಸರು ಕೇಳಿದ ರೈಲು ಬಂತೇ?'

ನಿನ್ನೆ ನಮ್ಮನೆಯವರು ಉತ್ತರ ಬರೆದು ತಿದ್ದಲು ಕೊಟ್ಟರು. ತಿದ್ದುವುದಕ್ಕೆ ಏನೂ ಇರಲಿಲ್ಲ. 'ಇನ್ನೂ ಬಂದಿಲ್ಲ.'

"ಬಂದಿಲ್ಲ ಅಂದ್ರ ಸಾಕಿತ್ತು. ಈ ಇನ್ನೂ ಯಾಕ್ರಿ?" ಎಂದು ಕೇಳಿದೆ. ಅವರು ಕವರಿಗೆ ಗೋಂದು ಹಚ್ಚುತ್ತಿದ್ದರು.

ಕಣ್ಣಾರೆ ಕಾಣದ್ದನ್ನು ಬರೆಯದ ಮನುಷ್ಯ, ಆ 'ಇನ್ನೂ' ಎಂಬುದನ್ನು ಎಲ್ಲಿ ಕಂಡರು?