ವಾರೆನ್ನಿನ ತತ್ತ್ವಜ್ಞಾನಿಗೆ ಮೈಸೂರು ಪೇಟ

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಶಿಕಾಗೋ ಬಳಿಯ ಗ್ಲೆಂಡೇಲ್ ಹೈಟ್ಸ್‌ನಿಂದ ಹೊರಟೆವು. ಹೊರಗೆ ಇಪ್ಪತ್ತೆಂಟು ಡಿಗ್ರಿ. ಫ್ಯಾರನ್‌ಹೀಟ್ ಎಂಬುದನ್ನು ಓದುಗರು ಗಮನಿಸತಕ್ಕದ್ದು, ಇಲ್ಲವಾದರೆ ನಾನು ಬೆವರುತ್ತಿದ್ದೆನೆಂದು ಭಾವಿಸಿಯಾರು. ಕಾರು ನಡೆಸುತ್ತಿದ್ದವನು ನನ್ನ ತಂಗಿಯ ಗಂಡ ಗಿರೀಶ. ಹಿಂದಿನ ಸೀಟಿನಲ್ಲಿ ಪುಳಿಯೋಗರೆಯ ಡಬ್ಬ, ನಮ್ಮವರ ಅಂಗಡಿಗಳಿರುವ ಡೆವನ್ ಅವೆನ್ಯೂದಲ್ಲಿ ಕೊಂಡ ಶಾಲು ಮತ್ತು ಒಂದು ಮೈಸೂರು ಪೇಟ.

ಮುನ್ನೂರು ಮೈಲಿಯಾಚೆ, ಡೆಟ್ರಾಯಿಟಿನ ಪಕ್ಕದ ವಾರೆನ್ನಿನಲ್ಲಿ ಅರ್ಕಾದಿ ಎಂಬ ಹಿರಿಯರಿದ್ದರು. ಗಿರೀಶ ಅಲ್ಲಿ ಕಾರುಗಳ ವಿನ್ಯಾಸ ಮಾಡುತ್ತಿದ್ದಾಗ ಅವರದು ಪಕ್ಕದ ಮೇಜು. ಆರ್ಥಿಕ ಹಿಂಜರಿತದಲ್ಲಿ ಇಬ್ಬರ ಕೆಲಸವೂ ಹೋಯಿತು. ಗಿರೀಶನಿಗೆ ಶಿಕಾಗೋದಲ್ಲಿ ಬೇರೆ ಕೆಲಸ ಸಿಕ್ಕಿತು. ಅರ್ಕಾದಿಯವರು ತಮ್ಮ ರಷ್ಯನ್ ಭಾಷೆಯಲ್ಲಿ ತತ್ತ್ವಶಾಸ್ತ್ರದ ಗ್ರಂಥ ಬರೆದರು. ಕಾಯುವುದೇ ಮನುಷ್ಯನ ಮೂಲ ಕಸುಬು, ಉಳಿದೆಲ್ಲ ಕೆಲಸ ಅದರ ನಡುವಿನ ವಿರಾಮ ಎಂಬುದು ಅದರ ತಿರುಳು. ಸೋಮವಾರ ಹಸ್ತಪ್ರತಿ ಅಚ್ಚಿಗೆ ಹೋಗಲಿತ್ತು. ಅದಕ್ಕೂ ಮೊದಲು ಒಬ್ಬರಾದರೂ ತಮ್ಮನ್ನು ವಿರೋಧಿಸಬೇಕೆಂಬುದು ಅವರ ಹಂಬಲ. ಯಾರೂ ಎದುರಿಸದ ವಿಚಾರವನ್ನು ಅವರು ವಿಚಾರವೆಂದೇ ಎಣಿಸುತ್ತಿರಲಿಲ್ಲ. ಹೆಂಡತಿ ಓದದೆಯೇ ಒಪ್ಪಿಬಿಟ್ಟಿದ್ದರು. ಆದಕಾರಣ ಗಿರೀಶ ವಾರೆನ್ನಿನ ಕನ್ನಡ ಕುಟುಂಬಗಳ ಮುಂದೆ ಅವರದೊಂದು ಇಂಗ್ಲಿಷ್ ಉಪನ್ಯಾಸ ಏರ್ಪಡಿಸಿದ್ದ.

ನಮ್ಮವರು ವಾದ ಮಾಡುವರೇ ಎಂದು ಕೇಳಿದೆ.

“ಅಕ್ಕಾ, ಪಾರ್ಕಿಂಗ್‌ಗೇ ಅರ್ಧ ಗಂಟೆ ಆರ್ಗ್ಯೂ ಮಾಡೋ ಜನ. ಚಿಂತೆ ಬಿಡಿ.”

ಇಂಡಿಯಾನಾದ ವಿಶ್ರಾಂತಿ ತಾಣವೊಂದರಲ್ಲಿ, ಹೀಟರ್ ಹಾಕಿಕೊಂಡು, ಕಾರಿನೊಳಗೇ ಪುಳಿಯೋಗರೆ ತಿಂದೆವು. ಡೆಟ್ರಾಯಿಟಿನ ಗಡಿಯಾರ ಶಿಕಾಗೋದ್ದಕ್ಕಿಂತ ಒಂದು ಗಂಟೆ ಮುಂದಿರುವುದನ್ನು ಗಿರೀಶ ಮರೆತಿದ್ದರಿಂದ ತಡವಾಗಿ ತಲುಪಿದೆವು. ಅರ್ಕಾದಿಯವರು ಮಂಜಿನಲ್ಲಿ ಬಾಗಿಲ ಹೊರಗೇ ನಮಗಾಗಿ ಕಾದು ನಿಂತಿದ್ದರು. ತಮ್ಮ ಮೂರನೆಯ ಅಧ್ಯಾಯವನ್ನು ನಾವು ಸಾಬೀತುಪಡಿಸಿದೆವೆಂದು ಹೇಳಿ, ತುಸು ನಿರಾಶೆಯಿಂದಲೇ ಕೈಕುಲುಕಿದರು.

ಸಭೆ ಸೇರಿದ್ದು ಗಿರೀಶನ ಗೆಳೆಯ ವಸಂತನ ಮನೆಯ ನೆಲಮಾಳಿಗೆಯಲ್ಲಿ. ಪ್ರಾರ್ಥನೆ, ಸ್ವಾಗತ, ದೀಪ, ಪರಿಚಯ, ಆಮೇಲೆ ಸನ್ಮಾನ. ಅತಿಥಿಗೆ ಸನ್ಮಾನ ಮಾಡದೆ ಮಾತಾಡಲು ಬಿಡುವುದು ನಮ್ಮವರಿಗೆ ತಿಳಿಯದು. ಶಾಲು ಹೊದಿಸಿದರು, ಪೇಟ ಹುಬ್ಬಿನವರೆಗೆ ಇಳಿಯಿತು. ಕೈಗಿತ್ತ ತೆಂಗಿನಕಾಯನ್ನು ಎಲ್ಲಿಡಬೇಕೆಂದು ತೋಚದೆ, ಅದನ್ನು ಎದೆಗವಚಿಕೊಂಡೇ ಅವರು ಉಪನ್ಯಾಸ ಮುಗಿಸಿ, ತಮ್ಮನ್ನು ಯಾರು ವಿರೋಧಿಸುತ್ತೀರಿ ಎಂದು ಕೇಳಿದರು.

ಚಪ್ಪಾಳೆ ಬಿತ್ತು. “ಫೆಂಟಾಸ್ಟಿಕ್ ಅಂಕಲ್,” ಎಂದ ವಸಂತ. “ನಮ್ಮ ವೇದಾಂತದಲ್ಲೂ ಎಕ್ಸಾಕ್ಟ್ಲಿ ಇದೇ ಇದೆ.” ಕೆಲಸ ಕಳೆದುಕೊಂಡಿದ್ದ ಇನ್ನೊಬ್ಬರು, ತಾವೂ ಎಲ್ಲೆಡೆ ಅಪ್ಲೈ ಮಾಡಿ ಕಾಯುತ್ತಿರುವುದಾಗಿಯೂ, ಮಾತು ನೂರಕ್ಕೆ ನೂರು ನಿಜವೆಂದೂ ಹೇಳಿದರು. ವಂದನಾರ್ಪಣೆ ಆರಂಭವಾಯಿತು. ಮೇಲಿನಿಂದ ಬಿಸಿಬೇಳೆಬಾತಿನ ಪರಿಮಳ ಇಳಿದು ಬಂತು. ಪೇಟದ ಕೆಳಗಿನ ಮುಖ ಬಾಡುತ್ತಿತ್ತು.

“ಅಕ್ಕಾ, ಶಾಲು ಹೊದಿಸಿದ್ಮೇಲೆ ಯಾರೂ ತಪ್ಪು ಹೇಳಲ್ಲ,” ಎಂದು ಗಿರೀಶ ಪಿಸುಗುಟ್ಟಿದ. “ಇದು ನಂಗೆ ಹೊಳೀಲೇ ಇಲ್ಲ.”

ಶಾಲೆಯಲ್ಲಿ ಪಾಠ ಹೇಳಿದ ಅಷ್ಟೂ ವರ್ಷಗಳಲ್ಲಿ ಅಪೂರ್ಣ ಉತ್ತರಕ್ಕೆ ನಾನು ಪೂರ್ಣಾಂಕ ಕೊಟ್ಟದ್ದಿಲ್ಲ. ಎದ್ದು ನಿಂತು, ನನ್ನ ಇಂಗ್ಲಿಷಿನಲ್ಲಿ, ತಪ್ಪು ಎಂದೆ. ವಂದನಾರ್ಪಣೆ ಅರ್ಧಕ್ಕೇ ನಿಂತಿತು.

“ಕಾಯುವವರ ಬಗ್ಗೆ ಇಷ್ಟು ಹೇಳಿದಿರಿ. ಕಾಯಿಸುವವರು ಎಲ್ಲಿ? ಇಂದು ನೀವು ಚಳಿಯಲ್ಲಿ ನಿಂತದ್ದಕ್ಕೆ ಕಾರಣ ಮನುಷ್ಯಸ್ವಭಾವವಲ್ಲ, ಈ ಗಿರೀಶ. ನಿಮ್ಮ ಕೆಲಸವೂ ತಾನಾಗಿ ಹೋಗಲಿಲ್ಲ, ಯಾರೋ ತೆಗೆದರು. ಅವರಿಗೆ ನಿಮ್ಮ ಗ್ರಂಥದಲ್ಲಿ ಒಂದು ಪುಟವೂ ಇಲ್ಲವೇಕೆ?”

ಅರ್ಕಾದಿಯವರು ತೆಂಗಿನಕಾಯನ್ನು ಮೆಲ್ಲನೆ ವಸಂತನ ಕೈಗಿಟ್ಟರು.

“ಮೂರನೆಯ ಅಧ್ಯಾಯ ಹೋಯಿತು,” ಎಂದರು, ಮುಖವರಳಿಸಿ. ಸ್ವಲ್ಪ ಯೋಚಿಸಿ, “ನಾಲ್ಕನೆಯದೂ.”

ಊಟದುದ್ದಕ್ಕೂ ನನ್ನೆದುರೇ ಕುಳಿತು ವಾದಿಸಿದರು. ಇಬ್ಬರ ತಟ್ಟೆಯೂ ಆರಿತು. ಸೋಮವಾರ ಹಸ್ತಪ್ರತಿ ಕಳಿಸುವುದಿಲ್ಲವೆಂದು ಅವರು ಸಾರಿದಾಗ, ನಾನು ಕಾರ್ಯಕ್ರಮ ಕೆಡಿಸಿದೆನೆಂಬಂತೆ ವಸಂತ ನನ್ನನ್ನು ನೋಡಿದ.

ರಾತ್ರಿ ಅಲ್ಲಿಯೇ ತಂಗಿ, ಮರುದಿನ ಬೆಳಿಗ್ಗೆ ಹೊರಟೆವು. ಅರ್ಕಾದಿಯವರು ಕೋಟಿನ ಮೇಲೆ ಶಾಲು ಹೊದ್ದು, ಪೇಟ ಧರಿಸಿಯೇ ನಮ್ಮನ್ನು ಬೀಳ್ಕೊಡಲು ಬಂದಿದ್ದರು. ಕಾರಿನ ಕಿಟಕಿಗೆ ಬಾಗಿ, ಕಾಯಿಸುವವನೂ ಇನ್ನಾವುದಕ್ಕೋ ಕಾಯುತ್ತಲೇ ಇರುತ್ತಾನಲ್ಲವೇ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಗಿರೀಶ ಕಾರು ಹಿಂದಕ್ಕೆ ತೆಗೆದ.

ತಿರುವಿನಲ್ಲಿ ಹೊರಳಿ ನೋಡಿದೆ. ಹಿಮದ ನಡುವೆ, ಜರತಾರಿ ಪೇಟ ತೊಟ್ಟು, ಬೆರಳೆತ್ತಿ, ನನ್ನ ಉತ್ತರಕ್ಕಾಗಿ ಅವರಿನ್ನೂ ಕಾಯುತ್ತ ನಿಂತಿದ್ದರು.