ಅಪ್ಪ ಕೂರಬೇಕೆಂದಿದ್ದ ಮುಷ್ಕರ

ಪಿಂಚಣಿ ವಿಷಯಕ್ಕೆ ಮುಷ್ಕರ ಮಾಡುವುದೆಂದು ನಮ್ಮ ಸಂಘ ತೀರ್ಮಾನಿಸಿದ ದಿನ, ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಬಳ್ಳಾರಿಯಲ್ಲಿ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿ ನಾನಿದ್ದೇನೆ. ಅಪ್ಪನೂ ಅದೇ ಕೆಲಸ ಮಾಡಿ ನಿವೃತ್ತನಾದವನು. ರೊಟ್ಟಿ ಮುರಿಯುತ್ತಿದ್ದವನು ಕೈ ನಿಲ್ಲಿಸಿದ.

"ಪೆಂಡಾಲ್ ಹಾಕ್ತಾರೇನು?"

"ಹಾಕ್ತಾರಪ್ಪ. ಸ್ಟೇಷನ್ ಮುಂದ."

"ರಿಟೈರಾದವ್ರೂ ಬಂದು ಕುಂದರಬೌದೇನು?"

ಅವ್ವ ನಕ್ಕಳು. "ಮೊಣಕಾಲು ಮಡಚಾಕ ಬರಂಗಿಲ್ಲ, ಇವ್ರು ಮುಷ್ಕರಕ್ಕ ಕುಂದರತಾರಂತ!"

ಅಪ್ಪ ನಗಲಿಲ್ಲ. ಯಾಕೆಂದು ನನಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು.

ಐವತ್ತು ವರ್ಷದ ಹಿಂದಿನ ದೊಡ್ಡ ಮುಷ್ಕರದಲ್ಲಿ ಅಪ್ಪ ಕೆಲಸಕ್ಕೆ ಹೋದವನು. ಅವ್ವನಿಗೆ ದಿನ ತುಂಬಿತ್ತು, ಅಕ್ಕ ಹುಟ್ಟುವುದರಲ್ಲಿದ್ದಳು. ಕೆಲಸಕ್ಕೆ ಹೋಗದಿದ್ದರೆ ಕ್ವಾರ್ಟರ್ಸ್ ಖಾಲಿ ಮಾಡಿ ಎಂದು ಪೊಲೀಸರು ಬಾಗಿಲಿಗೆ ಬಂದಿದ್ದರು. ಅಪ್ಪ ಹಾರೆ ಹಿಡಿದು ಹೊರಟ. ಗ್ಯಾಂಗಿನ ಉಳಿದವರು ಕುರುಗೋಡು, ತೆಕ್ಕಲಕೋಟೆ ಕಡೆಯ ನೆಂಟರ ಮನೆಗಳಲ್ಲಿ ಅಡಗಿದರು. ರೈಲೇ ಇಲ್ಲದ ಊರಿಗೆ ರೈಲಿನವರನ್ನು ಹುಡುಕಿಕೊಂಡು ಯಾರು ಬರುತ್ತಾರೆ ಎಂಬ ಧೈರ್ಯ. ಸಿರುಗುಪ್ಪದ ಒಬ್ಬ ಮಾತ್ರ ಸಿಕ್ಕಿಬಿದ್ದು ಜೈಲಿಗೆ ಹೋದ. ಅವನು ಅಪ್ಪನ ಜೋಡಿ, ಹಳಿ ಎತ್ತುವಾಗ ಅಪ್ಪ ಹಿಡಿದ ತುದಿಯನ್ನೇ ಹಿಡಿಯುತ್ತಿದ್ದವನು.

ಮುಷ್ಕರ ಮುಗಿದು ಎಲ್ಲರೂ ಮರಳಿದರು. ಅಪ್ಪನನ್ನು ಯಾರೂ ಬೈಯಲಿಲ್ಲ. ಆಗ ಹಳಿ ಎತ್ತಬೇಕಾದರೆ ಒಬ್ಬ ಕೂಗು ಹಾಕಬೇಕು, ಉಳಿದವರು ದನಿಗೂಡಿಸಿ ಒಟ್ಟಿಗೆ ಎತ್ತಬೇಕು. ಕೂಗು ಹಾಕುವವನು ಅಪ್ಪ. ಅವತ್ತೂ ಕೂಗಿದ. ಎಲ್ಲರೂ ಎತ್ತಿದರು, ಯಾರ ಬಾಯಿಂದಲೂ ದನಿ ಬರಲಿಲ್ಲ. ಮರುದಿನವೂ ಹಾಗೆಯೇ. ಕೆಲವು ದಿನ ಕೂಗಿ ನೋಡಿ ಅಪ್ಪ ಬಿಟ್ಟುಬಿಟ್ಟ. ಇದನ್ನು ನನಗೆ ಹೇಳಿದ್ದು ಅವ್ವ.

ಈ ಸಲ ಮುಷ್ಕರದ ಪೆಂಡಾಲಿಗೆ ಸಂಘದವರು ಕರೆದಿದ್ದು ಆ ಸಿರುಗುಪ್ಪದ ಹಿರಿಯನನ್ನೇ. ಅವನು ಬರುವ ಬಸ್ಸಿನ ಹೊತ್ತು ಕೇಳಲು ನಾನು ಫೋನ್ ಮಾಡಿದಾಗ, ಅಪ್ಪನೂ ಬರುತ್ತಾನೆ ಎಂದೆ.

"ನಿಮ್ಮಪ್ಪ? ಮುಷ್ಕರಕ್ಕ? ಲೇ, ಈಗ ಪಗಾರ ಕಟ್ಟಾಗೋ ಭಯ ಇಲ್ಲ ಬಿಡು ಅವಂಗ!" ಎಂದು ಜೋರಾಗಿ ನಕ್ಕ. ನಗು ನಿಂತ ಮೇಲೆ ಹೇಳಿದ: "ಮುಂದಿನ ಸಾಲಿನಾಗ ಕುಂದರು ಅಂತ ಹೇಳು. ನನಗ ಕಣ್ಣು ಅಷ್ಟು ಕಾಣಂಗಿಲ್ಲ."

ಹೇಳಿದೆ. ಅಪ್ಪ ಹೋಗಿ ಕಟಿಂಗ್ ಮಾಡಿಸಿಕೊಂಡು ಬಂದ. ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿ ಮೊಳೆಗೆ ತೂಗುಹಾಕಿದ.

ಮುಷ್ಕರದ ಹಿಂದಿನ ದಿನ ಸುದ್ದಿ ಬಂತು. ಮಾತುಕತೆ ಆಗಿದೆ, ಮುಷ್ಕರ ಇಲ್ಲ. ಆಫೀಸಿನಲ್ಲಿ ಪೇಡೆ ಹಂಚಿದರು. ನನಗೂ ಎದೆ ಹಗುರಾಗಿತ್ತು, ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದು ಅಪ್ಪನಿಗೆ ತಿಳಿಸಿದೆ.

"ಛಲೋ ಆತು. ಹುಡುಗರ ಪಗಾರ ಉಳೀತು," ಎಂದ.

"ಐತಾರ ಸಿರುಗುಪ್ಪಕ್ಕ ಹೋಗಿ ಬರೋಣೇನಪ್ಪ? ಕಾಕಾನ್ನ ಮನ್ಯಾಗ ಮಾತಾಡಿಸಿದ್ರಾತು."

"ಮನಿಗೆ ಹೋದ್ರ ಚಾ ಕೊಡ್ತಾನ, ಕುಡಿದು ಬರಬೇಕು. ಮನಿಗೆ ಬರಲಿಲ್ಲಂತ ಅಲ್ಲಲೋ ಅಂವ ಸಿಟ್ಟಾಗಿದ್ದು."

ಅವ್ವ ಮೊಳೆಯಲ್ಲಿದ್ದ ಅಂಗಿ ಮಡಚಿಡಲು ಎದ್ದಳು.

"ಇರ್ಲಿ ಬಿಡು, ಅಲ್ಲೇ," ಎಂದ ಅಪ್ಪ.